ಹಾವು ಅಡ್ಡ ಬಂದ ಮೇಲೆ

ಮಗ ಊರಲ್ಲಿ ಇರಲಿಲ್ಲವೆಂದು ಮಾವ ಅಂದು ಒಲ್ಲದ ಮನಸ್ಸಿನಿಂದ ಸೊಸೆಯನ್ನು ಕರೆದುಕೊಂಡು ಮೀನು ಹಿಡಿಯಲು ಗುಡ್ಡ ಹತ್ತಿದ್ದ. ಹೊಳೆ ಇನ್ನೇನು ಕಾಣಬೇಕು, ಕಾಲುದಾರಿಯಲ್ಲಿ ಕೊಳಕುಮಂಡಲವೊಂದು ಕುಕ್ಕರ್ ಹಬೆ ಬಿಟ್ಟಂತೆ ಬುಸುಗುಟ್ಟಿತು. ಇಬ್ಬರೂ ಕಲ್ಲಾಗಿ ನಿಂತರು. ಹಾವು ನಿಧಾನವಾಗಿ ದಾರಿ ದಾಟಿ ಪೊದೆ ಸೇರಿತು.

“ನಡಿ, ಮನೆಗೆ ವಾಪಸ್. ಹಾವು ಅಡ್ಡ ಬಂದ್ಮೇಲೆ ಮುಂದೆ ಹೋಗೋ ಪದ್ಧತಿ ನಮ್ಮಲ್ಲಿಲ್ಲ.”

“ಅದೆಲ್ಲಿ ಅಡ್ಡ ಬಂತು ಮಾವ? ಅದರ ದಾರಿಗೆ ನಾವು ಅಡ್ಡ ಹೋಗಿದ್ದು. ವಾಪಸ್ ಹೋಗೋದಾದ್ರೆ ಅದೇ ಹೋಗಲಿ.”

“ಹೆಂಗಸರನ್ನ ಕರ್ಕೊಂಡು ಬಂದಿದ್ದೇ ತಪ್ಪು. ಏನಾದ್ರೂ ಆದ್ರೆ ನನ್ನ ಕೇಳಬೇಡ.”

“ಕೇಳಲ್ಲ. ಗಾಳ ಇಲ್ಲಿ ಕೊಡಿ.”

ಮಾವ ಗಾಳವನ್ನು ಅವಳ ಕೈಗೆ ತುರುಕಿ ಗುಡ್ಡ ಇಳಿದು ಹೋದ. ಸೊಸೆ ಕೋಲಿನಿಂದ ನೆಲ ಬಡಿಯುತ್ತಾ ಹೊಳೆಯ ಕಡೆ ನಡೆದಳು.

ಸಂಜೆ ಬುಟ್ಟಿ ತುಂಬ ಮೀನು ಹೊತ್ತು ಅವಳು ಮನೆಗೆ ಬಂದಾಗ, ಮಾವ ಅಂಗಳದ ನಡುವೆ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತಿದ್ದ.

“ಒಳಗೆ ಹೋಗಬೇಡ. ಹೊಸ್ತಿಲಿಗೆ ಅಡ್ಡ ಇನ್ನೊಂದು ಹಾವು ಮಲಗಿದೆ. ಬಂದಾಗಿಂದ ಹೀಗೇ ಕೂತಿದೀನಿ.”

ಸೊಸೆ ಬುಟ್ಟಿ ಕೆಳಗಿಟ್ಟಳು.

“ಮನೆ ಬಾಗಿಲಲ್ಲೇ ಅಡ್ಡ ಬಂದ್ರೆ ವಾಪಸ್ ಎಲ್ಲಿಗೆ ಹೋಗೋ ಪದ್ಧತಿ, ಮಾವ?”