ಕೈ ಕಾಣುವ ಲೈನು

ಕೇಬಲ್ಲಿನ ಜಟ್ಟೆಪ್ಪ ಕಿಟಕಿಯ ಸರಳಿನೊಳಗಿಂದ ಕಪ್ಪು ವಾಯರು ಎಳೆದು ಶೀತಲ್‌ಳ ಕಂಪ್ಯೂಟರಿಗೆ ಸಿಕ್ಕಿಸಿದ. "ಒಂದ್ ವಾರ ಪುಕ್ಕಟ ನೋಡ್ರಿ, ಮನಸಿಗೆ ಬಂದ್ರ ತೊಗೋರಿ. ತಿಂಗಳಿಗೆ ಇನ್ನೂರು. ದಿನಾಪೂರ್ತಿ ಹಚ್ಚಿಟ್ರೂ ಲಿಮಿಟ್ ಇಲ್ಲ," ಎಂದ. ಶೀತಲ್‌ಳ ಅಪ್ಪ ಲಗಮಪ್ಪನಿಗೆ ಆ ಮಾತು ಹಿಡಿಸಿತು. ಬೈಲಹೊಂಗಲಕ್ಕೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಕಾಲಿಟ್ಟಿತ್ತು. ಟೆಲಿಫೋನಿನವರದು ಇದಕ್ಕಿಂತ ಐವತ್ತು ರೂಪಾಯಿ ಹೆಚ್ಚು, ಅದೂ ಅಳೆದು ಕೊಡುತ್ತಾರೆ ಎಂದು ಅವನು ಕೇಳಿಕೊಂಡು ಬಂದಿದ್ದ.

ಶೀತಲ್ ಇಬ್ಬರ ತುಟಿಗಳನ್ನೂ ನೋಡುತ್ತ ನಿಂತಿದ್ದಳು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸದು. ಬೆಳಗಾವಿಯ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲ್ಲಿನಲ್ಲಿ ಹತ್ತು ವರ್ಷ ಗೆಳತಿ ಮೀನಾಳ ಪಕ್ಕದ ಹಾಸಿಗೆ ಅವಳದು. ಅಲ್ಲಿ ಜಗಳ, ಚಾಡಿ, ಚೇಷ್ಟೆ ಎಲ್ಲವೂ ಕೈಯಲ್ಲೇ. ಊರಿಗೆ ಮರಳಿ ಆರು ವರ್ಷವಾಗಿತ್ತು. ಮನೆಯವರಿಗೆ ಗೊತ್ತಿದ್ದ ಸನ್ನೆಗಳು ಹದಿನೈದೋ ಇಪ್ಪತ್ತೋ: ಊಟಕ್ಕೆ ಬಾ, ನಳ ಬಂತು, ಬೀಗರು ಬಂದಿದ್ದಾರೆ, ಗ್ಯಾಸ್ ಆರಿಸು. ಬೇಸರವಾಗಿದೆ ಎನ್ನಲು ಆ ಮನೆಯಲ್ಲಿ ಸನ್ನೆ ಇರಲಿಲ್ಲ. ಕನಸು ಬಿತ್ತು ಎನ್ನಲೂ ಇರಲಿಲ್ಲ. ಮಿರಜಿಗೆ ಮದುವೆಯಾಗಿ ಹೋದ ಮೀನಾ, ತನ್ನ ಗಂಡ ಕ್ಯಾಮೆರಾ ಇರುವ ಕಂಪ್ಯೂಟರು ತಂದನೆಂದು ಮೊಬೈಲಿಗೆ ಮೆಸೇಜು ಕಳಿಸಿದ್ದಳು. ಅಂದಿನಿಂದ ಒಂದು ವರ್ಷ ಪಕ್ಕದ ಓಣಿಗಳಿಗೆಲ್ಲ ಬ್ಲೌಸು ಹೊಲಿದು, ಶೀತಲ್ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಕ್ಯಾಮೆರಾ ಸಮೇತ ಕೊಂಡಿದ್ದಳು.

ಪರದೆಯ ಮೇಲೆ ಮೀನಾ ಮೂಡಿದಳು. ಎರಡೂ ಕೈ ಎತ್ತಿದಳು. ಕೈ ಅಲ್ಲೇ ನಿಂತಿತು. ಹತ್ತು ಬೆರಳೂ ಕೂಡಿಕೊಂಡು ಒಂದೇ ಮುದ್ದೆಯಾಗಿದ್ದವು. ಚಿತ್ರ ಮತ್ತೆ ಅಲುಗುವಷ್ಟರಲ್ಲಿ ಎರಡು ಮಾತು ಕಳೆದುಹೋಗಿದ್ದವು. ಮೀನಾ ನಗುತ್ತಿದ್ದಳು. ಏನು ಹೇಳಿ ನಗುತ್ತಿದ್ದಾಳೆಂಬುದು ಮಾತ್ರ ತಿಳಿಯಲಿಲ್ಲ.

"ಮಾರಿ ಕಾಣಾಕತ್ತೈತಿ, ಧ್ವನಿ ಸ್ವಚ್ಛ ಬರಾಕತ್ತೈತಿ. ಮತ್ತೇನ ಬೇಕ್ರಿ?" ಎಂದ ಜಟ್ಟೆಪ್ಪ. ಅವನು ಹೇಳಿದ್ದು ಸುಳ್ಳಲ್ಲ. ಮಿರಜಿನ ಕುಕ್ಕರಿನ ಸೀಟಿ ಬೈಲಹೊಂಗಲದ ಕೋಣೆಯಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಕೇಳಿಸದಿದ್ದುದು ಎರಡೂ ಊರಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಗೆಳತಿಯರಿಬ್ಬರಿಗೆ ಮಾತ್ರ.

ಶೀತಲ್ ನೋಟುಪುಸ್ತಕದಲ್ಲಿ 'ಕೈ ಕಾಣುವುದಿಲ್ಲ' ಎಂದು ಬರೆದು ಅಪ್ಪನ ಮುಂದೆ ಹಿಡಿದಳು. ಲಗಮಪ್ಪ ಓದಿ, ಅವಳಿಗೆ ಕಾಣುವಂತೆ ತುಟಿ ಬಿಡಿಸಿ ಹೇಳತೊಡಗಿದ. "ಮಾರಿ ಕಾಣತೈತಲ್ಲವಾ. ಇದಕ ಲಿಮಿಟ್ ಇಲ್ಲ, ದಿನಾ ಮಾತಾಡಬಹುದು, ನೀ ಸ್ವಲ್ಪ..."

ಶೀತಲ್ ಎದ್ದು ಬಂದು ಅಪ್ಪನ ಬಾಯಿಯ ಮೇಲೆ ಅಂಗೈ ಇಟ್ಟಳು. ತೆಗೆದಳು. ಅವನು "ಏನ..." ಎನ್ನುವಷ್ಟರಲ್ಲಿ ಮತ್ತೆ ಮುಚ್ಚಿದಳು. ತೆಗೆದಳು, ಮುಚ್ಚಿದಳು. ಪ್ರತಿ ಸಲವೂ ಅರ್ಧ ಮಾತು ಹೊರಗೆ ಬಂದು ಉಳಿದರ್ಧ ಅಂಗೈಗೆ ಬಡಿಯಿತು. ಜಟ್ಟೆಪ್ಪ ನಕ್ಕ. ಲಗಮಪ್ಪ ನಗಲಿಲ್ಲ. ಮಗಳ ಕೈಯನ್ನು ಮೆಲ್ಲಗೆ ಇಳಿಸಿ ಪರದೆಯತ್ತ ನೋಡಿದ. ಮೀನಾಳ ಕೈಗಳು ಎದೆಯ ಹತ್ತಿರ ನಿಂತೇ ಇದ್ದವು.

"ವಾಯರ್ ಸುತ್ಕೊಂಡ ಹೋಗಪಾ," ಎಂದ.

"ಪುಕ್ಕಟ ಐತ್ರಿ, ಒಂದ್ ವಾರ ಇರಲಿ ಬಿಡ್ರಿ."

"ತೊದಲೋ ಲೈನ್ ಇಟ್ಕೊಂಡ ಏನ್ ಮಾಡೂದು."

ಟೆಲಿಫೋನಿನ ಬ್ರಾಡ್‌ಬ್ಯಾಂಡ್ ಬರಲು ಇಪ್ಪತ್ತು ದಿನ ಹಿಡಿಯಿತು. ಆ ಇಪ್ಪತ್ತು ದಿನವೂ ಶೀತಲ್ ಹೊಲಿಗೆ ಯಂತ್ರ ತುಳಿಯುತ್ತ ಹೇಳಬೇಕಾದ್ದನ್ನು ಜೋಡಿಸಿಕೊಂಡಳು. ಎಷ್ಟೋ ಸಲ ಕೈ ಬಟ್ಟೆಯನ್ನು ಬಿಟ್ಟು ತಾನಾಗಿಯೇ ಮೇಲೇಳುತ್ತಿತ್ತು, ಎದುರಿಗೆ ಗೋಡೆ ಕಂಡು ಮತ್ತೆ ಬಟ್ಟೆಗೆ ಮರಳುತ್ತಿತ್ತು. ಲೈನು ಜೋಡಿಸಲು ಬಂದವನು, ವಿಡಿಯೋ ನೋಡಿದರೆ ತಿಂಗಳಿಗೆ ನಾಲ್ಕು ತಾಸು ಬಂದೀತು, ಅದಕ್ಕಿಂತ ಹೆಚ್ಚಿಲ್ಲ ಎಂದ. ರವಿವಾರಕ್ಕೊಂದು ತಾಸು ಎಂದು ಲಗಮಪ್ಪ ಗೊತ್ತು ಮಾಡಿದ.

ಮೊದಲ ರವಿವಾರ ಮೀನಾಳ ಬೆರಳುಗಳು ಒಂದೊಂದಾಗಿ ಕಂಡವು. ಮಣಿಕಟ್ಟಿನ ಹತ್ತಿರ ರೊಟ್ಟಿಯ ಹಂಚು ತಾಗಿ ಸುಟ್ಟ ಗುರುತೂ ಕಂಡಿತು. 'ದಪ್ಪಗಾಗಿದ್ದೀಯ' ಎಂಬುದು ಆರು ವರ್ಷದ ಮೇಲೆ ಅವಳ ಮೊದಲ ಮಾತು. ಆಮೇಲೆ ಇಬ್ಬರ ಕೈಯೂ ನಿಲ್ಲಲಿಲ್ಲ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳಿಗೆ ಪಂಕ್ಚರ್ ಹಾಕುವ ತನ್ನ ಅಂಗಡಿಯನ್ನು ಆ ಒಂದು ತಾಸು ಮುಚ್ಚಿ ಬಂದು ಲಗಮಪ್ಪ ಬಾಗಿಲ ಹತ್ತಿರ ಕುಳಿತಿದ್ದ. ಮಗಳು ಹಣೆ ಬಡಿದುಕೊಂಡಳು, ಯಾರದೋ ನಡಿಗೆಯನ್ನು ಅಣಕಿಸಿದಳು, ಮೀನಾ ಮುಗಿಸುವ ಮೊದಲೇ ಅಡ್ಡಬಾಯಿ ಹಾಕಿದಳು. ಇಷ್ಟು ಮಾತಾಡುವ ಹುಡುಗಿ ಈ ಮನೆಯಲ್ಲಿದ್ದಾಳೆಂದು ಇಪ್ಪತ್ನಾಲ್ಕು ವರ್ಷ ಅವನಿಗೆ ಗೊತ್ತಿರಲಿಲ್ಲ.

ಪರದೆ ಆರಿದ ಮೇಲೆ ಅವಳ ಹತ್ತಿರ ಬಂದು ಕುಳಿತ. "ಏನಂದ್ಲವಾ?"

ಶೀತಲ್ ಪೆನ್ಸಿಲು ಹಿಡಿದು ಬಹಳ ಹೊತ್ತು ಯೋಚಿಸಿ 'ಚೆನ್ನಾಗಿದ್ದಾಳೆ' ಎಂದು ಬರೆದಳು.

"ಒಂದ್ ತಾಸಿನಾಗ ಇಷ್ಟ ಅಂದ್ಲೇನು?" ಲಗಮಪ್ಪ ಇನ್ನೂ ಏನಾದರೂ ಬರೆದಾಳೆಂದು ಹಾಳೆಯನ್ನೇ ನೋಡಿದ. ಆಮೇಲೆ ಟೈರಿನ ಮಸಿ ಹಿಡಿದ ತನ್ನ ತೋರುಬೆರಳನ್ನು ಎದೆಯ ಮುಂದೆ ನಿಲ್ಲಿಸಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದ. "ಇಬ್ರೂ ಹಿಂಗ ಭಾಳ ಸಲ ಮಾಡಿದ್ರಿ. ಒಂದ ತಾಸ ಸಾಲೂದಿಲ್ಲ ಅಂತೇನು?"

ಅದರ ಅರ್ಥ 'ಒಬ್ಬಳೇ' ಎಂದಾಗಿತ್ತು. ಶೀತಲ್ ಅದನ್ನು ಬರೆಯಲಿಲ್ಲ. ಅಪ್ಪನ ಹೆಬ್ಬೆರಳು ಹೊರಗೆ ಚಾಚಿಕೊಂಡಿತ್ತು. ಅದನ್ನು ಹಿಡಿದು ಮೆಲ್ಲಗೆ ಒಳಗೆ ಮಡಿಸಿ, ಮತ್ತೊಮ್ಮೆ ಮಾಡು ಎಂಬಂತೆ ಅವನ ಮುಖ ನೋಡಿದಳು.