ಒಂದೇ ಹಂಚು

ಎಂಟೂ ಲೆಕ್ಕಗಳು ಒಟ್ಟಿಗೇ ನಿಂತುಬಿಟ್ಟವು. ಗದಗಿನ ಕಾಲೇಜಿನ ಎಂಟು ಕಂಪ್ಯೂಟರುಗಳಿಗೆ ನಾಗರತ್ನಾ ಶಿರಹಟ್ಟಿ ಊರಿನ ತನ್ನ ಮನೆಯ ಅಡುಗೆಮನೆಯಲ್ಲಿ ಕೂತು ಲ್ಯಾಪ್‌ಟಾಪಿನಿಂದಲೇ ಕೆಲಸ ಹಚ್ಚಿದ್ದಳು. ಮಾಹಿತಿ ಓದಲು ಎಲ್ಲವೂ ಒಂದೇ ಡಿಸ್ಕಿಗೆ ಒಮ್ಮೆಲೇ ಮುಗಿಬಿದ್ದಿದ್ದವು. ಸಂಜೆ ಐದಕ್ಕೆ ಯಂತ್ರಗಳು ಬೇರೆಯವರ ಪಾಲು; ಅಷ್ಟರಲ್ಲಿ ಮುಗಿಯದಿದ್ದರೆ ಅವಳ ಪ್ರಬಂಧ ಮುಂದಿನ ವರ್ಷಕ್ಕೆ.

ಎದುರಿಗೆ ಅಜ್ಜಿ ಫಕ್ಕೀರವ್ವನ ಮೂವರು ಸೊಸೆಯರು ಬಡಿದ ರೊಟ್ಟಿ ಮುಂದಿಟ್ಟುಕೊಂಡು ಒಂದೇ ಹಂಚಿಗಾಗಿ ಕಾಯುತ್ತಿದ್ದರು. "ಎಲ್ಲಾರೂ ಕೂಡೇ ಬಡದ್ರ ಹಿಂಗ ಆಗತೈತಿ, ಖೋಡಿಗೋಳ್ರಾ!" ಅಜ್ಜಿ ಗದರಿದಳು. "ಇಕಿ ರೊಟ್ಟಿ ಹಂಚಿಗೆ ಬಿದ್ದಮ್ಯಾಲ ನೀ ಹಿಟ್ಟಿಗೆ ಕೈ ಹಾಕು."

ನಾಗರತ್ನಾಳ ಬೆರಳು ಕೀಲಿಮಣೆಯ ಮೇಲೆ ತಡೆದು ನಿಂತಿತು. ಎಲ್ಲ ಲೆಕ್ಕಗಳನ್ನೂ ನಿಲ್ಲಿಸಿ, ಒಂದು ಡಿಸ್ಕು ಓದಿ ಮುಗಿಸಿದ ಮೇಲೆ ಇನ್ನೊಂದು ಶುರುವಾಗುವ ಹಾಗೆ ನಲವತ್ತು ಸೆಕೆಂಡಿಗೊಂದರಂತೆ ಮತ್ತೆ ಬಿಟ್ಟಳು. ಮೊದಲನೆಯದು ಓಡಿತು, ಎರಡನೆಯದು ಓಡಿತು, ಕಡೆಗೆ ಎಂಟನೆಯದೂ. ನಾಲ್ಕಕ್ಕೆ ಮುಗಿಯುತ್ತದೆ ಎಂದು ಪರದೆ ತೋರಿಸಿತು. ಆಗ ಹಸಿವು ನೆನಪಾಗಿ ಬಿಸಿ ರೊಟ್ಟಿಗೆ ಕೈ ಚಾಚಿದಳು.

ಅಜ್ಜಿ ಆ ಕೈಗೊಂದು ಏಟು ಕೊಟ್ಟಳು. "ತಡಿಯವ್ವಾ, ನಿನ್ನ ಪಾಳಿ ಇನ್ನೂ ಬಂದಿಲ್ಲ."