ಮುರಳೀಧರನ ಆಫ್ರಿಕಾ

ಆನೆ ಬಂದು ಬಚ್ಚಲಿನ ಕಿಟಕಿಯ ಹೊರಗೇ ನಿಂತಿತ್ತಂತೆ. ಮುರಳೀಧರ ಆಗ ಟಬ್ಬಿನ ನೊರೆಯಲ್ಲಿ ಕತ್ತಿನವರೆಗೆ ಮುಳುಗಿ ಮಲಗಿದ್ದನಂತೆ.

"ಹರಿ ಸಾರ್, ಇದನ್ನ ನೀವು ನೋಡ್ಲೇಬೇಕು," ಎಂದು ಅವನು ಪ್ರೊಜೆಕ್ಟರಿನ ಗುಂಡಿ ಒತ್ತಿದ. ಗೋಡೆಯ ಮೇಲೆ ಆನೆ ಬಂತು.

ಹರಿಪ್ರಸಾದನಿಗೆ ಮೈಯೆಲ್ಲ ಉರಿಯಿತು. ಅಮೆರಿಕದ ಡರ್ಹಮ್‌ನ ಈ ಅಪಾರ್ಟ್‌ಮೆಂಟಿನಲ್ಲಿ ಇದೇ ಆನೆಯ ದರ್ಶನ ಅವನಿಗೆ ಇದು ಮೂರನೆಯ ಸಲ. ಯುಗಾದಿಗೆ ಕರೆದು ತೋರಿಸಿದ. ರಾಮನವಮಿಯ ಪಾನಕಕ್ಕೆ ಕರೆದು ತೋರಿಸಿದ. ಈಗ ಹಬ್ಬವೂ ಇಲ್ಲ, ಹರಿದಿನವೂ ಇಲ್ಲ. ಬರೀ ಬಿಸಿಬೇಳೆಬಾತಿಗೆ ಕರೆದು ತೋರಿಸುತ್ತಿದ್ದಾನೆ.

ಕೀನ್ಯಾದ ಅಭಯಾರಣ್ಯದ ನಟ್ಟನಡುವೆ ಲಾಡ್ಜು. ಸೊಳ್ಳೆಪರದೆ ಇಳಿಬಿಟ್ಟ ಮಂಚ. ಬೆಳಗಿನ ಐದಕ್ಕೆ ಬಿಳಿ ಕೈಗವಸಿನ ಬಟ್ಲರ್ ಹಾಸಿಗೆಗೇ ಕಾಫಿ ತಂದುಕೊಡುತ್ತಿದ್ದನಂತೆ. ಅಯ್ಯೋ, ಇವನ ಮುಖಕ್ಕೆ ಬಟ್ಲರ್ ಬೇರೆ ಕೇಡು! ಪಾತ್ರೆ ತೊಳೆಯುವ ಸೋಪಿಗೂ ಪೇಪರಿನಿಂದ ಕೂಪನ್ ಕತ್ತರಿಸುವ ಆಸಾಮಿ.

"ನೀವಿಬ್ರೂ ಒಂದರಲ್ಲೂ ಕಾಣ್ತಾನೇ ಇಲ್ವಲ್ಲ?" ಎಂದು ಹರಿಪ್ರಸಾದನ ಹೆಂಡತಿ ನೀರಜಾ ಕೇಳಿದಳು.

"ಕ್ಯಾಮೆರಾ ಇವರ ಕೈಲೇ ಇತ್ತಲ್ವಾ," ಎಂದಳು ಮುರಳೀಧರನ ಹೆಂಡತಿ ರಾಜಲಕ್ಷ್ಮಿ. "ಇನ್ನು ನಂಗೆ ಫೋಟೋ ಅಂದ್ರೇನೇ ಆಗಲ್ಲ."

ಹರಿಪ್ರಸಾದನ ಉರಿಗೆ ಕಾರಣ ಆನೆಯಲ್ಲ, ಗ್ರೀನ್ ಕಾರ್ಡ್. ಅದು ತೊಂಬತ್ತಾರನೆಯ ಇಸವಿ. ಇಬ್ಬರ ಅರ್ಜಿಯೂ ಮೂರು ವರ್ಷದಿಂದ ಷಾರ್ಲೆಟ್‌ನ ವಲಸೆ ಕಚೇರಿಯಲ್ಲಿ ಬಿದ್ದಿತ್ತು. ಹರಿಪ್ರಸಾದನದು ಎರಡು ತಿಂಗಳು ಮೊದಲಿನದು. ಅರ್ಜಿ ಹಾಕಿದವನು ಮುಂಚೆಯೇ ಅನುಮತಿ ಪತ್ರ ಪಡೆಯದೆ ದೇಶ ಬಿಟ್ಟರೆ ಅರ್ಜಿ ಅಲ್ಲಿಗೇ ಮುಗಿಯಿತು. ಇದು ಏಪೆಕ್ಸ್‌ನಿಂದ ಷಾರ್ಲೆಟ್‌ವರೆಗಿನ ಕನ್ನಡದ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿದ್ದ ನಿಯಮ. ಅನುಮತಿ ಕೇಳಿದರೆ ಎಲ್ಲಿ ತನ್ನ ಫೈಲಿನ ಮೇಲೆ ಯಾರದಾದರೂ ಕಣ್ಣು ಬೀಳುತ್ತದೋ ಎಂದು ಹೆದರಿದ ಹರಿಪ್ರಸಾದ, ಮೈಸೂರಿನಲ್ಲಿ ಸ್ವಂತ ತಂಗಿಯ ಮದುವೆಗೂ ಹೋಗಿರಲಿಲ್ಲ. ಧಾರೆಯನ್ನು ವಿಡಿಯೊ ಕ್ಯಾಸೆಟ್ಟಿನಲ್ಲಿ ನೋಡಿ ಅತ್ತಿದ್ದ. ಇವನು ನೋಡಿದರೆ ಆಫ್ರಿಕಾದಲ್ಲಿ ನೊರೆಸ್ನಾನ ಮಾಡಿ ಬಂದಿದ್ದಾನೆ!

"ಪರ್ಮಿಷನ್ ಲೆಟರ್ ತಗೊಂಡಿದ್ರೇನ್ರೀ?" ಎಂದು ಅವನು ಆದಷ್ಟು ಮೆಲ್ಲಗೆ ಕೇಳಿದ.

"ಅಯ್ಯೋ, ಅದೆಲ್ಲ ಯಾಕೆ ಸಾರ್? ಸುಮ್ನೆ ಹೋಗಿ ಬಂದ್ವಿ. ಮಾರ್ಚ್ ನಾಲ್ಕರಿಂದ ಹದಿನಾಲ್ಕು. ಯಾರು ಕೇಳ್ತಾರೆ?" ಮುರಳೀಧರ ನಕ್ಕ. "ನೀವೂ ಹೋಗ್ಬನ್ನಿ. ತಾಳಿ, ಬರ್ಕೊಡ್ತೀನಿ."

ಹಳದಿ ಚೀಟಿಯ ಮೇಲೆ ಲಾಡ್ಜಿನ ಹೆಸರು, ತಾರೀಖು ಎಲ್ಲವನ್ನೂ ದುಂಡಗೆ ಬರೆದು ಹರಿಪ್ರಸಾದನ ಜೇಬಿಗೆ ತಾನೇ ತುರುಕಿದ. ಎಂಥ ಪೆದ್ದು, ಎಂದುಕೊಂಡ ಹರಿಪ್ರಸಾದ.

"ಅವರ ಪಾಡಿಗೆ ಅವರಿರ್ಲಿ ಬಿಡ್ರಿ," ಎಂದಳು ನೀರಜಾ ಕಾರಿನಲ್ಲಿ.

"ಕೊಬ್ಬು ಕಣೇ ಅದು. ರೂಲ್ಸ್ ಫಾಲೋ ಮಾಡೋರೇನು ದಡ್ಡರಾ?"

ಮರುದಿನ ಊಟದ ಬಿಡುವಿನಲ್ಲಿ ಅವನು ಆಫೀಸಿನ ಬಾಗಿಲು ಮುಂದೆ ಮಾಡಿಕೊಂಡು ವಲಸೆ ಕಚೇರಿಗೆ ಪತ್ರ ಟೈಪು ಮಾಡಿದ. ಹೆಸರು, ವಿಳಾಸ, ಲಾಡ್ಜು, ತಾರೀಖು, ಒಂದೂ ಬಿಡಲಿಲ್ಲ. ಸಹಿಯ ಜಾಗದಲ್ಲಿ 'ಕಾನೂನನ್ನು ಗೌರವಿಸುವವನು' ಎಂದು ಹಾಕಿದ. ಅಂಚೆಪೆಟ್ಟಿಗೆಗೆ ಹಾಕಿ ಬಂದಮೇಲೆ ಹೊಟ್ಟೆ ತಣ್ಣಗಾಯಿತು. ತಾನು ಮಾಡಿದ್ದು ಹೊಟ್ಟೆಕಿಚ್ಚಿನ ಕೆಲಸವೆಂದು ಆ ಮಹಾನುಭಾವನಿಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ.

ಐದನೆಯ ವಾರ ಸುದ್ದಿ ಬಂತು. ಪಾಸ್‌ಪೋರ್ಟು, ಆಫೀಸಿನ ಹಾಜರಿ ದಾಖಲೆ ಹಿಡಿದುಕೊಂಡು ಬಾ ಎಂದು ಮುರಳೀಧರನಿಗೆ ಷಾರ್ಲೆಟ್‌ನಿಂದ ಕರೆ. ಹರಿಪ್ರಸಾದ ತಾನೇ ಫೋನು ಮಾಡಿ ಲೊಚಗುಟ್ಟಿದ. ಆ ಕಡೆಯಿಂದ ಮುರಳೀಧರನ ದನಿ ನಡುಗುತ್ತಿತ್ತು. ಅಳುತ್ತಿದ್ದಾನೆ, ಅಳಲಿ. ಬಟ್ಲರ್ ಬಂದು ಕಣ್ಣೊರೆಸುತ್ತಾನೆ.

ಆ ಶನಿವಾರ ಮುರಳೀಧರ ಏಪೆಕ್ಸ್‌ನಲ್ಲಿದ್ದ ಹರಿಪ್ರಸಾದನ ಮನೆಗೇ ಬಂದ. ಒಂದು ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ, ಇನ್ನೊಂದರಲ್ಲಿ ಪಾಸ್‌ಪೋರ್ಟು. ಹರಿಪ್ರಸಾದನ ಬಾಯಿಗೆ ಒಂದು ತುಂಡು ಇಟ್ಟು ಪಾಸ್‌ಪೋರ್ಟು ತೆರೆದು ತೋರಿಸಿದ. ಹೊಚ್ಚಹೊಸ ಮುದ್ರೆ. ಗ್ರೀನ್ ಕಾರ್ಡ್ ಮಂಜೂರಾಗಿತ್ತು.

"ಹೇಗ್ರೀ ಇದು? ಮತ್ತೆ ಆಫ್ರಿಕಾ?"

"ಯಾವ ಆಫ್ರಿಕಾ ಸಾರ್? ಆ ಹತ್ತು ದಿನಾನೂ ಆಫೀಸಲ್ಲೇ ಇದ್ದೆ, ರೆಕಾರ್ಡ್ ತೋರಿಸ್ದೆ. ಸ್ಲೈಡ್ಸ್ ಎಲ್ಲ ನೈರೋಬಿಲಿರೋ ರಾಜಿ ಕಸಿನ್ ಕಳಿಸಿದ್ದು. ಫೈಲು ಹೇಗೂ ಟೇಬಲ್ ಮೇಲೆ ಬಂದಿತ್ತಲ್ಲ, ಎಲ್ಲಾ ಸರಿಯಾಗಿದೆ ಅಂತ ಅಲ್ಲೇ ಸ್ಟ್ಯಾಂಪ್ ಹೊಡೆದು ಕಳಿಸಿದ್ರು."

ಹರಿಪ್ರಸಾದ ಬಾಯಲ್ಲಿದ್ದ ಮೈಸೂರು ಪಾಕನ್ನು ಅಗಿಯದೇ ನುಂಗಿದ. "ಹಂಗಾದ್ರೆ ಅಷ್ಟೊಂದು ಸುಳ್ಳು ಯಾಕ್ರೀ ಹೇಳಿದ್ರಿ?"

"ಫೈಲು ಅಲ್ಲಾಡ್ಬೇಕಂದ್ರೆ ಒಂದೋ ಸೆನೆಟರ್ ಹೇಳ್ಬೇಕು, ಇಲ್ಲಾ ಯಾರಾದ್ರೂ ಕಂಪ್ಲೇಂಟ್ ಬರೀಬೇಕು ಅಂದ್ರು ನಮ್ಮ ಲಾಯರು. ನಂಗೆ ಸೆನೆಟರ್ ಯಾರೂ ಗೊತ್ತಿಲ್ಲ ಸಾರ್, ನೀವು ಗೊತ್ತು."